ರಬ್ಬರ್ ಮುಟ್ಟದ ಕೈ

ಶಿವಮೊಗ್ಗ
9 ಜೂನ್ 2025

ಇಂಪಿ,

ನೀನು ನನ್ನ ನಂಬರ್ ಬ್ಲಾಕ್ ಮಾಡಿ ನಲವತ್ತು ದಿನವಾಯಿತು. ಭಾನುವಾರ ಮನೆಗೆ ಫೋನ್ ಮಾಡಿದರೆ ಅಪ್ಪ ಸ್ಪೀಕರ್ ಹಾಕಿ ಮಂಚದ ಮೇಲಿಡುತ್ತಾರೆ. ಅಲ್ಲಿ ಆಡಿದ ಮಾತು ಪಕ್ಕದ ಕ್ವಾರ್ಟರ್ಸಿನವರಿಗೂ ತಲುಪುತ್ತದೆ. ಅದಕ್ಕೇ ಈ ಕಾಗದ. ಹದಿನೆಂಟು ಕಿಲೋಮೀಟರಿಗೆ ಕಾಗದ ಬರೆಯುವ ಅಣ್ಣ ಇಡೀ ಜಿಲ್ಲೆಗೆ ನಾನೊಬ್ಬನೇ ಇರಬೇಕು. ಅಮ್ಮ ತೊಳೆಯಲು ತರಿಸಿಕೊಳ್ಳುವ ಬಟ್ಟೆಯ ಚೀಲದಲ್ಲಿ ಇಟ್ಟಿದ್ದೇನೆ. ಕಂಡಕ್ಟರ್ ದೇವರಾಜ್ ಚೀಲವನ್ನು ಓಲ್ಡ್ ಟೌನಿನಲ್ಲಿ ನಿನ್ನ ಜೆರಾಕ್ಸ್ ಅಂಗಡಿಗೇ ಕೊಡುತ್ತಾನೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಕೆಳಗೆ ಒಂದು ಹಾಲ್, ಎಂಟು ಮೇಜು. ಮೇಲೆ ಗಂಡಸರಿಗೆ ಒಂದು ರೂಮು, ಐದು ಮಂಚ. ಒಂದೊಂದೇ ಹಾಳೆ ಕೈಯಿಂದ ಬರೆದು ಮಾಡುವ ಅನಿಮೇಷನ್ ಸಿನಿಮಾ. ಅದರ ಚಿತ್ರ ಹೊರಗೆ ಹೋಗಬಾರದೆಂದು ವಾರವಿಡೀ ಫೋನ್ ಲಾಕರಿನಲ್ಲಿ. ಎಂಟು ತಿಂಗಳ ಒಪ್ಪಂದ. ಕಥೆ ಹೇಳಬಾರದು, ಆದರೂ ನಿನಗೆ ಹೇಳುತ್ತೇನೆ: ಹಳೇ ದೇವಸ್ಥಾನದ ಗೋಡೆಯ ಮೇಲಿನ ಮಕರ ಕಲ್ಲು ಬಿಟ್ಟು ಎದ್ದು, ಪೇಟೆಯೊಳಗೆ ನಡೆದು, ಹೊಳೆಗೆ ಇಳಿಯುತ್ತದೆ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ನವಿಲಿನ ಬಾಲ. ಅದು ಹೇಗೆ ನಡೆಯುತ್ತದೆ ಎಂದು ಯಾರೂ ನೋಡಿಲ್ಲ. ಆ ನಡಿಗೆ ನನಗೆ ಬಂದಿದೆ. ನಮ್ಮ ಯಜಮಾನರು ನರಸಿಂಹಮೂರ್ತಿ ಸರ್ ಎಲ್ಲರ ಎದುರಿಗೆ ಹೇಳಿದರು, "ಈ ಹುಡುಗ ಪ್ರಾಕ್ಟೀಸ್ ಮಾಡಲ್ಲ ಕಣ್ರೀ, ಇವನಿಗೆ ತಾನಾಗೇ ಬರುತ್ತೆ." ಅಪ್ಪನ ಮಾತೇ, ಅಪ್ಪನ ಧಾಟಿಯಲ್ಲೇ.

ಒಂದು ಉಪಕಾರ. ಮಂಚದ ಕೆಳಗಿರುವ ಅಪ್ಪನ ಮೊಳೆಪಟ್ಟಿ ಕಳಿಸು. ಸುಮ್ಮನೆ, ನೆನಪಿಗೆ.

ಆನಂದ್

*

ಭದ್ರಾವತಿ, ನ್ಯೂ ಟೌನ್
13 ಜೂನ್ 2025

ಅಣ್ಣಾ,

ಮೊಳೆಪಟ್ಟಿ ಕೊಡುವುದಿಲ್ಲ. ಹಾಳೆ ಜರುಗದಂತೆ ಮೂರು ಮೊಳೆಗೆ ಸಿಕ್ಕಿಸುವ ಆ ಕಬ್ಬಿಣದ ಪಟ್ಟಿ ನಿನಗೊಂದು ನೆನಪು, ನನಗೆ ಇರುವುದೇ ಅದೊಂದು. ನಿಮ್ಮಲ್ಲಿ ಫಾರಿನ್ ಪಟ್ಟಿ ಇರುತ್ತದಲ್ಲ. ಇದನ್ನು ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾಗ ಯಾವುದೋ ಫೋಟೋ ನೋಡಿ, ತುದಿ ಮುರಿದ ಸ್ಕೇಲಿನಲ್ಲಿ ಅಳೆದು ಮಾಡಿದ್ದು. ನಡುವಿನ ಮೊಳೆ ಎರಡು ನೂಲು, ಅಂದರೆ ಕಾಲು ಇಂಚು, ಆಚೆ ಹೋಗಿದೆ. ಈ ಮನೆಯ ಹಾಳೆ ಲೋಕದ ಬೇರೆ ಯಾವ ಪಟ್ಟಿಗೂ ಕೂರುವುದಿಲ್ಲ. ನನ್ನ ಹಾಗೆಯೇ.

ಬ್ಲಾಕ್ ಯಾಕೆ ಮಾಡಿದೆ ಎಂದು ನೀನು ಕೇಳಲೂ ಇಲ್ಲ. ಏಪ್ರಿಲ್‌ನಲ್ಲಿ ಇಬ್ಬರೂ ಒಂದೇ ಬಸ್ಸಿನಲ್ಲಿ ಈ ಕೆಲಸದ ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋದೆವು. ಮಲಗಿದ ಕಲ್ಲಿನ ಪ್ರಾಣಿ ಎದ್ದು ನಿಲ್ಲುವುದನ್ನು ಬರೆಯಬೇಕಿತ್ತು. ನೀನು ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಹೊರಗೆ ಟೀ ಕುಡಿಯುತ್ತಿದ್ದೆ. ನಾನು ಕೊನೆಯ ಬೆಲ್ಲಿನವರೆಗೆ ಕೂತಿದ್ದೆ. ಇದ್ದದ್ದು ಒಂದೇ ಸೀಟು, ನಿನಗಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ಏನಂದೆ? "ಮನಸ್ಸಿಟ್ಟು ಕೂತ್ರೆ ನಿಂಗೂ ಬರುತ್ತೆ ಮಾರಾಯ್ತಿ." ಹನ್ನೊಂದು ವರ್ಷ ದಿನಾ ಸಂಜೆ ಎರಡು ಗಂಟೆ ಕೂತವಳಿಗೆ, ಒಂದು ದಿನವೂ ಕೂರದವನು ಹೇಳಿದ ಮಾತು ಅದು. ಅದಕ್ಕೇ ಬ್ಲಾಕ್ ಮಾಡಿದೆ.

ನಾನು ಗುರುವಿನ ಜೆರಾಕ್ಸ್ ಅಂಗಡಿಯಲ್ಲಿ ಪಿಯುಸಿ ಹುಡುಗರ ರೆಕಾರ್ಡಿಗೆ ಕಪ್ಪೆಯ ಕರುಳು ಬರೆಯುತ್ತಿದ್ದೇನೆ. ಈ ತಿಂಗಳು ನಲವತ್ತು ಕಪ್ಪೆ. ಅಪ್ಪ ಒಂದನೇ ತಾರೀಖು ಎಂದಿನಂತೆ ನನಗೆ ಹೊಸ ರಬ್ಬರ್ ತಂದರು. "ತಗಾ, ನೀನು ಅಳ್ಸಿ ಅಳ್ಸಿ ಕಲಿ. ಅವನಿಗೆ ಬೇಡ, ನನ್ನ ಮಗ ರಬ್ಬರ್ ಮುಟ್ಟಲ್ಲ." ನೀನು ಊರಲ್ಲಿ ಇಲ್ಲದಿದ್ದರೂ ಆ ಮಾತು ತಪ್ಪಿಲ್ಲ.

ಇಂಪನಾ

*

ಶಿವಮೊಗ್ಗ
1 ಜುಲೈ 2025

ಇಂಪಿ,

ಕೋಪ ಇದ್ದರೂ ಕಾಗದದ ಜೊತೆ ಚಕ್ಕುಲಿ ಬಂತು. ಅದು ಅಮ್ಮ ಇಟ್ಟದ್ದೆಂದು ಗೊತ್ತು, ಆದರೂ ನಿನ್ನ ಲೆಕ್ಕಕ್ಕೇ ಹಾಕಿಕೊಂಡೆ.

ಮಕರ ಸಲೀಸಾಗಿ ಬರುತ್ತಿದೆ. ಇಲ್ಲಿಯವರಿಗೆ ಆಶ್ಚರ್ಯ. ನನ್ನ ಪಕ್ಕದ ಮೇಜಿನ ರಂಜಿನಿ ಎಂಬವಳು ಬೆಳಗಿಂದ ಸಂಜೆಯವರೆಗೆ ತಲೆ ಎತ್ತುವುದಿಲ್ಲ. ನಾನು ಕಿಟಕಿ ನೋಡುತ್ತಾ ಕೂತಿರುತ್ತೇನೆ. "ಯೋಚನೆ ಮಾಡ್ತಾ ಇದಾನೆ, ಡಿಸ್ಟರ್ಬ್ ಮಾಡ್ಬೇಡಿ" ಅನ್ನುತ್ತಾರೆ ಸರ್.

ಸುಮ್ಮನೆ ಕೇಳುತ್ತೇನೆ. ಎಮ್ಮೆ ಹೊಳೆಯ ದಂಡೆ ಹತ್ತುವಾಗ ಹಿಂಗಾಲು ಮೊದಲು ಬರುತ್ತದೋ, ಬೆನ್ನು ಮೊದಲು ಏಳುತ್ತದೋ? ನೀನು ಅಂಥದ್ದೆಲ್ಲ ಬರೆಯುತ್ತೀಯಲ್ಲ. ಹಳೇ ಹಾಳೆ ಇದ್ದರೆ ಒಂದು ಕಟ್ಟು ಕಳಿಸು. ನೋಡಿ ವಾಪಸ್ ಕಳಿಸುತ್ತೇನೆ.

ಆನಂದ್

*

ಭದ್ರಾವತಿ
8 ಜುಲೈ 2025

ಅಣ್ಣಾ,

ನೀನು ನಗುವುದಕ್ಕೇ ಕೇಳಿದ್ದೀಯ ಎಂದು ಗೊತ್ತು. ಎಂಟು ಜನರ ಎದುರಿಗೆ ಹಾಳೆ ಹರಡಿ, "ನನ್ನ ತಂಗಿ, ಪಾಪ, ಎಷ್ಟು ಕಷ್ಟಪಡ್ತಾಳೆ ನೋಡಿ" ಅನ್ನುತ್ತೀಯ. ಅನ್ನು. ಮೂರು ವಾರ ಭದ್ರಾ ಹೊಳೆಯ ದಂಡೆಯಲ್ಲಿ ಕೂತು ನೋಡಿ ಬರೆದ ನಲವತ್ತು ಹಾಳೆ ಇಟ್ಟಿದ್ದೇನೆ. ಬೆನ್ನು ಮೊದಲು ಏಳುತ್ತದೆ. ಆಮೇಲೆ ಎಮ್ಮೆ ಒಂದು ಕ್ಷಣ ನಿಂತು, ಇಷ್ಟೆಲ್ಲ ಯಾಕೆ ಎಂದು ಯೋಚಿಸುತ್ತದೆ. ಆಮೇಲೆ ಕಾಲು.

ಕಷ್ಟಪಡುವುದು ಅಂದರೆ ಏನು ಎಂದು ಒಂದು ಸಲ ನೋಡಿಕೋ. ಹಾಳೆಗೆ ಎಣ್ಣೆ ಕೈ ತಾಗಿಸಬೇಡ.

ಇಂಪನಾ

*

ಭದ್ರಾವತಿ
30 ಜುಲೈ 2025

ಅಣ್ಣಾ,

ಮೂರು ಚೀಲ ಬಂತು, ಮೂರರಲ್ಲೂ ಬಟ್ಟೆ ಮಾತ್ರ. ಹಾಳೆಯೂ ಇಲ್ಲ, ಉತ್ತರವೂ ಇಲ್ಲ. ಭಾನುವಾರದ ಫೋನಿನಲ್ಲಿ ಅಪ್ಪನಿಗೆ "ಮಕರ ಎದ್ದು ನಡೀತಪ್ಪಾ" ಅಂದದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿತು. ಅಪ್ಪ ಸಂಜೆ ಮಿಠಾಯಿ ತಂದು ಮೂರು ಮನೆಗೆ ಹಂಚಿದರು. ನಾನೂ ತಿಂದೆ.

ಹಾಳೆ ವಾಪಸ್ ಕಳಿಸು.

ಇಂಪನಾ

*

ಭದ್ರಾವತಿ
18 ಆಗಸ್ಟ್ 2025

ಅಣ್ಣಾ,

ಇವತ್ತು ನಿನ್ನ ಪಕ್ಕದ ಮೇಜಿನ ರಂಜಿನಿ ಅಂಗಡಿಗೆ ಬಂದಿದ್ದಳು. ಅವಳ ಚಿಕ್ಕಮ್ಮನ ಮಗನ ರೆಕಾರ್ಡ್ ನನ್ನ ಹತ್ತಿರವೇ ಇತ್ತು. ಗೋಡೆಗೆ ನಾನು ಅಂಟಿಸಿದ ಒಂದು ಎಮ್ಮೆಯ ಚಿತ್ರ ನೋಡಿ ನಿಂತಲ್ಲೇ ನಿಂತಳು.

"ಇದು ಆನಂದಂದಲ್ವಾ? ಅವರ ಮನೆ ಪ್ರಾಕ್ಟೀಸ್ ಹಾಳೆ ಅಂತ ಸರ್ ನಮಗೆಲ್ಲ ತೋರಿಸಿದ್ರು. ಇದೇ ಎಮ್ಮೆ, ನಿಂತು ಯೋಚನೆ ಮಾಡೋ ಎಮ್ಮೆ. ಅದರ ಮೇಲೇ ಮಕರ ಮಾಡಿದಾರೆ. ನಾವೆಲ್ಲ ಕೈ ಚಪ್ಪಾಳೆ ಹೊಡೆದ್ವಿ."

ನಾನು ಏನಂದೆ ಗೊತ್ತಾ? "ಹೌದು, ಅಣ್ಣಂದೇ" ಅಂದೆ. ಯಾಕೆ ಅಂದೆನೋ ನನಗೇ ತಿಳಿಯಲಿಲ್ಲ. ಅಭ್ಯಾಸಬಲ ಇರಬೇಕು. ಅವಳು ಹೋದ ಮೇಲೆ ಆ ಚಿತ್ರ ಕಿತ್ತು ಹಾಕಿದೆ. ಗುರು, "ಯಾಕಮ್ಮ, ಚೆನ್ನಾಗಿತ್ತಲ್ಲ" ಅಂದ. ಅವನ ಮೇಲೆ ಕೂಗಾಡಿದೆ, ಪಾಪದವನ ಮೇಲೆ.

ನಿನಗೆ ತಾನಾಗೇ ಬರುತ್ತಲ್ಲ. ನನ್ನದು ಯಾಕೆ ಬೇಕಾಯಿತು? ಇರುವುದನ್ನೂ ಕಿತ್ತುಕೊಳ್ಳುವಷ್ಟು ಏನು ಕಡಿಮೆಯಾಗಿತ್ತು ನಿನಗೆ?

*

ಶಿವಮೊಗ್ಗ
21 ಆಗಸ್ಟ್ 2025

ಇಂಪಿ,

ಕದ್ದೆ. ಅದಕ್ಕೆ ಬೇರೆ ಹೆಸರಿಲ್ಲ. ನಿನ್ನ ಎಮ್ಮೆಯ ಕಾಲಿನ ಮೇಲೆ ಮಕರದ ಮೈ ಹೊದಿಸಿದೆ. ನಮ್ಮ ಪಟ್ಟಿಗೆ ಕೂರಿಸಲು ನಿನ್ನ ಹಾಳೆಗಳಿಗೆ ಇನ್ನೂ ಮೂರು ತೂತು ಹೊಡೆದೆ. ಸರ್ ಒಂದು ದಿನ ಹಾಳೆ ಎತ್ತಿ ಬೆಳಕಿಗೆ ಹಿಡಿದು, "ಇದೇನಪ್ಪಾ, ಆರು ತೂತು?" ಅಂದರು. ನನ್ನ ಬಾಯಿಂದ, "ಮನೆ ಪ್ರಾಕ್ಟೀಸ್ ಸಾರ್, ಅಪ್ಪ ಮಾಡಿದ ಪಟ್ಟಿ" ಎಂದು ಬಂತು. ಹಾಳೆ ನಿನ್ನದೆಂದು ಹೇಳಲು ಅದೇ ಸಮಯ. ಹೇಳಲಿಲ್ಲ. ಈಗ ಅವರು ಹೊಳೆಗೆ ಇಳಿಯುವ ದೃಶ್ಯಕ್ಕೂ "ಮನೆ ಹಾಳೆ ತರಿಸಪ್ಪಾ" ಅನ್ನುತ್ತಿದ್ದಾರೆ.

ಏನು ಕಡಿಮೆಯಾಗಿತ್ತು ಎಂದು ಕೇಳಿದೆ. ಹೇಳುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ನನಗೆ ಒಂಬತ್ತು ವರ್ಷ ಇದ್ದಾಗ ಅಪ್ಪನ ಸ್ನೇಹಿತರ ಎದುರು ಒಂದೇ ಎಳೆಯಲ್ಲಿ ಆನೆ ಬರೆದೆ. ಅಪ್ಪ, "ಇವನಿಗೆ ಕಲಿಸೋದೇ ಬೇಡ, ಕೈಯಲ್ಲೇ ಇದೆ" ಅಂದರು. ಆ ಆನೆಯನ್ನು ಅದಕ್ಕೂ ಮೊದಲು ಶಾಲೆಯಲ್ಲಿ ಇಪ್ಪತ್ತು ಸಲ ಬರೆದಿದ್ದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಮನೆಯಲ್ಲಿ ಪೆನ್ಸಿಲ್ ಹಿಡಿದು ತಡವರಿಸುವ ಹಕ್ಕೇ ನನಗೆ ಉಳಿಯಲಿಲ್ಲ. ಬೆಳಿಗ್ಗೆ ಓಡಲು ಹೋಗುತ್ತಿದ್ದೆನಲ್ಲ? ಒಂದು ದಿನವೂ ಓಡಿಲ್ಲ. ಮೈದಾನದ ಹಿಂದಿನ ಪಾಳು ಸೈಕಲ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೆ, ಅಳಿಸುತ್ತಿದ್ದೆ. ಬರುವಾಗ ನಲ್ಲಿಯಲ್ಲಿ ಅಂಗಿ ಒದ್ದೆ ಮಾಡಿಕೊಂಡು ಬೆವರು ಅನ್ನುತ್ತಿದ್ದೆ. ಅಮ್ಮ ಓಡುವ ಮಗನಿಗೆ ಎಂದು ಎರಡು ಮೊಟ್ಟೆ ಬೇಯಿಸಿ ಕೊಡುತ್ತಿದ್ದಳು. ಹಾಳೆ ಸಿಕ್ಕಿಬೀಳಬಾರದೆಂದು ಕಡಲೆಕಾಯಿ ಗಾಡಿಯವನಿಗೆ ಪೊಟ್ಟಣಕ್ಕೆ ಕೊಟ್ಟುಬಿಡುತ್ತಿದ್ದೆ. ಪರೀಕ್ಷೆಯಲ್ಲಿ ಬಂದ ಕಲ್ಲಿನ ಪ್ರಾಣಿ ಏಳುವುದನ್ನು ಅದಕ್ಕೂ ಹಿಂದಿನ ವರ್ಷವಿಡೀ, ಅದೇ ಬರುತ್ತದೆಂದು ಗೊತ್ತಿಲ್ಲದೆಯೇ, ಮುನ್ನೂರು ಸಲವಾದರೂ ಬರೆದಿದ್ದೆ. ಅದಕ್ಕೇ ಮುಕ್ಕಾಲು ಗಂಟೆ.

ಇಲ್ಲಿ ಸೈಕಲ್ ಸ್ಟ್ಯಾಂಡ್ ಇಲ್ಲ. ಎಲ್ಲಿ ಕೂತರೂ ಯಾರೋ ನೋಡುತ್ತಾರೆ. ಹೊಸ ಪ್ರಾಣಿ ಕೊಟ್ಟಿದ್ದಾರೆ, ಒಂದು ಗೆರೆಯೂ ಬರುವುದಿಲ್ಲ, ಅಳಿಸುವಂತೆಯೂ ಇಲ್ಲ. ಕಿಟಕಿ ನೋಡುತ್ತಾ ಕೂರುತ್ತೇನೆ. ಎದ್ದು ಹೋಗಲೂ ಆಗದು, ಕೂತು ಮಾಡಲೂ ಆಗದು. ಮೊಳೆಪಟ್ಟಿ ಕೇಳಿದ್ದು ನೆನಪಿಗಲ್ಲ. ಅದನ್ನು ಮುಂದಿಟ್ಟುಕೊಂಡರೆ ಕೈ ಓಡೀತೇನೋ ಎಂಬ ಆಸೆಗೆ.

ನಿನ್ನ ಹಾಗೆ ಎಲ್ಲರ ಎದುರು ಕೂತು ತಪ್ಪು ಮಾಡುವ ಸುಖ ನನಗೆ ಸಿಗಲಿಲ್ಲ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಇಂಪಿ. ಈಗಲೂ ಇದೆ.

ಆನಂದ್

*

ಭದ್ರಾವತಿ
2 ಸೆಪ್ಟೆಂಬರ್ 2025

ಅಣ್ಣಾ,

ನಿನ್ನ ಕಾಗದವನ್ನು ಹತ್ತು ದಿನ ರೆಕಾರ್ಡುಗಳ ಕೆಳಗೆ ಇಟ್ಟಿದ್ದೆ. ಉತ್ತರ ಬರೆದರೆ ನಾನೂ ಹೇಳಬೇಕಾಗುತ್ತದಲ್ಲ ಎಂದು.

ನಾನು ಹೊಳೆಗೆ ಹೋಗಲಿಲ್ಲ. ಮೂರು ವಾರವೂ ಸುಳ್ಳು, ದಂಡೆಯೂ ಸುಳ್ಳು. ಆ ನಲವತ್ತು ಹಾಳೆ ಒಂದೇ ಸಂಜೆ, ಊಟಕ್ಕೆ ಕರೆಯುವಷ್ಟರಲ್ಲಿ ಬರೆದದ್ದು. ಎಮ್ಮೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಯಾವಾಗಲೋ ಬಸ್ಸಿನಿಂದ ನೋಡಿರಬೇಕು. ಯಾವಾಗಲೂ ಹಾಗೇ ಬರುತ್ತದೆ. ಮೊದಲ ಅರ್ಧ ಗಂಟೆ ಬರೆಯುತ್ತೇನೆ, ಉಳಿದ ಒಂದೂವರೆ ಗಂಟೆ ಹಾಳೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತೇನೆ. ಕೂತಿದ್ದರೆ ಅಪ್ಪ ಹೋಗುವಾಗ ಬರುವಾಗ ತಲೆ ನೇವರಿಸುತ್ತಿದ್ದರು. "ನನ್ನ ಮಗಳು ಹಠವಾದಿ" ಅನ್ನುತ್ತಿದ್ದರು. ಬೇಗ ಎದ್ದರೆ ಆ ಹೊಗಳಿಕೆಯೂ ಇಲ್ಲ. ನನಗೆ ಅದೊಂದೇ ಇತ್ತಲ್ಲ.

ಪರೀಕ್ಷೆಯ ದಿನ ನಿನಗಿಂತ ಮೊದಲೇ ನನ್ನದು ಮುಗಿದಿತ್ತು. ಅಪ್ಪ ಮನೆ ಬಿಡುವಾಗ ಹೇಳಿದ್ದರು, "ಕೊನೇ ಬೆಲ್ ತನಕ ಬಿಡ್ಬೇಡ, ತಿದ್ತಾ ಇರು." ತಿದ್ದಿದೆ. ಎದ್ದು ನಿಂತಿದ್ದ ಪ್ರಾಣಿಯನ್ನು ಗೆರೆಯ ಮೇಲೆ ಗೆರೆ ಎಳೆದು ಮತ್ತೆ ಕಲ್ಲು ಮಾಡಿ ಕೊಟ್ಟು ಬಂದೆ.

ಇನ್ನೊಂದು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಕಡಲೆಕಾಯಿ ಪೊಟ್ಟಣದ ಮೇಲೆ ಒಂದು ಕಲ್ಲಾನೆಯ ಪಾದ ಸಿಕ್ಕಿತ್ತು. ಹತ್ತು ಸಲ ಅಳಿಸಿದ ಗುರುತು, ಅದರ ಮೇಲೆ ಸರಿಯಾದ ಗೆರೆ. ಈ ಊರಲ್ಲಿ ನಮ್ಮ ಅಣ್ಣನಿಗಿಂತ ಚೆನ್ನಾಗಿ ಬರೆಯುವವನು ಯಾರೋ ಇದ್ದಾನೆ ಎಂದು ಸಮಾಧಾನವಾಗಿ ಅದನ್ನು ಭೂಗೋಳದ ಪುಸ್ತಕದಲ್ಲಿ ಇಟ್ಟುಕೊಂಡೆ. ಇನ್ನೂ ಇದೆ. ನಿನ್ನ ಕಾಗದ ಓದಿ ತೆಗೆದು ನೋಡಿದೆ. ಅತ್ತುಬಿಟ್ಟೆ. ಯಾಕೆಂದು ಕೇಳಬೇಡ.

ಈಗ ಷರತ್ತು. ಹೊಳೆಯ ದೃಶ್ಯಕ್ಕೆ ನನ್ನ ಹಾಳೆ ಬೇಕಾದರೆ ಮೊದಲು ನಿಮ್ಮ ಸರ್‌ಗೆ ಹೇಳು, ಮಕರದ ನಡಿಗೆ ನನ್ನದೆಂದು. ಆಮೇಲೆ ಅಪ್ಪನಿಗೆ, ಸ್ಪೀಕರಿನಲ್ಲೇ. ನನಗೆ ಈ ಅಂಗಡಿಯಿಂದ ಹೊರಗೆ ಬರಬೇಕು ಅಣ್ಣಾ, ನನ್ನ ಹೆಸರಿನಲ್ಲೇ.

ಇಂಪನಾ

*

ಶಿವಮೊಗ್ಗ
8 ಸೆಪ್ಟೆಂಬರ್ 2025

ಇಂಪಿ,

ಇಬ್ಬರಿಗೂ ಹೇಳಿದೆ. ಯಾರೂ ನಂಬಲಿಲ್ಲ.

ಶನಿವಾರ ಸರ್ ಕೋಣೆಗೆ ಹೋಗಿ, "ಸಾರ್, ಆ ಹಾಳೆಗಳು ನಂದಲ್ಲ, ತಂಗಿ ಇಂಪನಾ ಬರೆದಿದ್ದು. ನಡಿಗೆ ಅವಳದು" ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ತಂಗಿ ಮೇಲೆ ಎಷ್ಟು ಪ್ರೀತಿನಪ್ಪಾ ನಿಂಗೆ. ಪರೀಕ್ಷೇಲಿ ಅವಳ ಹಾಳೆ ನಾನೇ ನೋಡಿದೀನಿ. ತಿದ್ದಿ ತಿದ್ದಿ ಹಾಳೆ ಹರಿದಿತ್ತು. ಕಷ್ಟಪಡೋ ಹುಡುಗಿ. ಅವಳಿಗೂ ಒಂದು ಕೆಲಸ ಬೇಕು, ಅಷ್ಟೇ ತಾನೇ? ನೇರವಾಗಿ ಕೇಳ್ಬಾರದಾ?" ನಾನು ಮತ್ತೆ ಹೇಳಿದೆ. ಅವರು ಬೆನ್ನು ತಟ್ಟಿ ಕಳಿಸಿದರು.

ಅಪ್ಪನದು ನೀನೂ ಕೇಳಿರಬೇಕು, ಮಂಚದ ಹತ್ತಿರವೇ ಇದ್ದೆಯಂತಲ್ಲ. ಸೈಕಲ್ ಸ್ಟ್ಯಾಂಡು, ನಲ್ಲಿ ನೀರು, ಎಲ್ಲ ಹೇಳಿದೆ. "ಬಿಡೋ, ಅವಳು ಬೇಜಾರು ಮಾಡ್ಕಂಡಿದಾಳೆ ಅಂತ ನಿನ್ನನ್ನ ನೀನೇ ಕೆಳಗಿಳಿಸ್ಕಂತೀಯಾ? ನಿನ್ನ ದೊಡ್ಡ ಮನಸ್ಸು ನಂಗೆ ಗೊತ್ತಿಲ್ವಾ" ಅಂದರು. ಸುಳ್ಳು ಹೇಳುತ್ತಿದ್ದಾಗ ಇಷ್ಟು ಹೊಗಳಿಸಿಕೊಂಡಿರಲಿಲ್ಲ.

ಚೀಲದಲ್ಲಿ ಸರ್ ಕೊಟ್ಟ ನಿನ್ನ ಕೆಲಸದ ಆರ್ಡರ್ ಇದೆ. ಮುಖ್ಯ ಭಂಗಿ ಒಬ್ಬರು ಬರೆದರೆ, ಎರಡು ಭಂಗಿಗಳ ನಡುವಿನ ಚಿತ್ರ ತುಂಬುವವರು ಇನ್ನೊಬ್ಬರು. ನಿನ್ನದು ನಡುವಿನ ಚಿತ್ರ ತುಂಬುವ ಕೆಲಸ, ನನ್ನ ಕೈಕೆಳಗೆ. ಬೇಡವಾದರೆ ಹರಿದು ಹಾಕು.

ಆನಂದ್

*

ಭದ್ರಾವತಿ
12 ಸೆಪ್ಟೆಂಬರ್ 2025

ಅಣ್ಣಾ,

ಹರಿಯಲಿಲ್ಲ. ಕಪ್ಪೆಯ ಕರುಳು ಬರೆದು ಸಾಕಾಗಿದೆ. ಸೋಮವಾರ ಬರುತ್ತೇನೆ. ರಂಜಿನಿಯ ಮನೆಯಲ್ಲಿ ಒಂದು ರೂಮು ಸಿಕ್ಕಿದೆ. ಅಪ್ಪ ಐದು ರಬ್ಬರ್ ತಂದುಕೊಟ್ಟು, "ಅಣ್ಣನ ನೋಡಿ ಕಲಿ" ಅಂದರು. ಅಮ್ಮ ಮಾತ್ರ ಮೊಟ್ಟೆಯ ಬುಟ್ಟಿ ನೋಡುತ್ತಾ, "ಅದಕ್ಕೇ ಈ ಹುಡುಗ ಓಡಿ ಓಡಿಯೂ ದಪ್ಪ ಆಗ್ತಿದ್ದ" ಅಂದಳು. ಈ ಮನೆಯಲ್ಲಿ ನಿನ್ನನ್ನು ನಂಬಿದವಳು ಅವಳೊಬ್ಬಳೇ.

ಮೊಳೆಪಟ್ಟಿ ತರುತ್ತಿದ್ದೇನೆ.

ಇಂಪನಾ

*

ಶಿವಮೊಗ್ಗ, ನಿನ್ನ ಪಕ್ಕದ ಮೇಜು
6 ಅಕ್ಟೋಬರ್ 2025

ಇಂಪಿ,

ನಮ್ಮಿಬ್ಬರ ನಡುವೆ ಈಗ ಎರಡು ಮೊಳ ದೂರವೂ ಇಲ್ಲ, ಆದರೂ ಕಾಗದವನ್ನೇ ಬರೆಯಬೇಕು. ಹಾಲಿನಲ್ಲಿ ಏಳು ಜೊತೆ ಕಿವಿ ಇವೆ.

ಮೂರು ವಾರದಿಂದ ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದಾಗ ನೀನು ಹತ್ತು ನಿಮಿಷದಲ್ಲಿ ಭಂಗಿ ಬರೆದು ನನ್ನ ಮೇಜಿನ ಮೇಲೆ ಇಡುತ್ತೀಯ. ಉಳಿದ ದಿನವೆಲ್ಲ ತಲೆ ತಗ್ಗಿಸಿ ನಡುವಿನ ಚಿತ್ರ ತುಂಬುತ್ತೀಯ. ಗೋಡೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ "ಮಕರದ ನಡಿಗೆ: ಆನಂದ್. ಸಹಾಯ: ಇಂಪನಾ" ಎಂದು ಇದೆ. ದಿನಾ ಅದರ ಕೆಳಗೇ ನಡೆದು ನೀರು ಕುಡಿಯಲು ಹೋಗುತ್ತೇನೆ. ಸೈಕಲ್ ಸ್ಟ್ಯಾಂಡಿನಲ್ಲಿ ಅಡಗಿದ್ದೆ, ಈಗ ನಿನ್ನ ಹಿಂದೆ ಅಡಗಿದ್ದೇನೆ.

ಹೇಳಿದರೆ ಇವರು ನಂಬುವುದಿಲ್ಲ. ಕಣ್ಣಿಂದ ನೋಡಬೇಕು. ನಾಳೆಯಿಂದ ನಿನ್ನ ಭಂಗಿ ಬೇಡ. ಮಕರ ಹೊಳೆಗೆ ಇಳಿಯುವುದನ್ನು ನಾನು ಹಗಲಲ್ಲಿ, ಹಾಲಿನ ನಡುವೆ, ಬರದಿದ್ದರೂ ಬರೆಯುತ್ತೇನೆ. ದುರ್ಗಿಗುಡಿಯ ಅಂಗಡಿಯಲ್ಲಿ ಒಂದು ರಬ್ಬರ್ ಕೊಂಡೆ. ಅಂಗಡಿಯವನು ಕವರಿನಲ್ಲಿ ಹಾಕಿಕೊಡಲು ಹೋದ, ಬೇಡ ಅಂದೆ. ಭಯವಾಗುತ್ತಿದೆ. ನೀನು ಎದ್ದು ಹೋಗಬೇಡ.

ಆನಂದ್

*

ಶಿವಮೊಗ್ಗ, ನಿನ್ನ ಪಕ್ಕದ ಮೇಜು
9 ಅಕ್ಟೋಬರ್ 2025

ಅಣ್ಣಾ,

ಮೂರು ದಿನದಿಂದ ನೋಡುತ್ತಿದ್ದೇನೆ. ಮೊದಲ ದಿನ ನೀನು ಹನ್ನೊಂದು ಸಲ ಅಳಿಸಿದೆ. ಮೊದಲನೆಯದಕ್ಕೇ ರಂಜಿನಿ ತಿರುಗಿ ನೋಡಿದಳು, ನಾಲ್ಕನೆಯದಕ್ಕೆ ಎಲ್ಲರೂ. ರಬ್ಬರಿನ ಸದ್ದು ಈ ಹಾಲಿನಲ್ಲಿ ಇಷ್ಟು ಜೋರಾಗಿ ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿನ್ನ ಕಿವಿ ಕೆಂಪಾಗಿತ್ತು. ಎದ್ದು ಹೋಗಿಬಿಡೋಣ ಅನ್ನಿಸಿತು, ನಿನ್ನ ಮಾತಿಗೆ ಕೂತೆ.

ಇವತ್ತು ಸರ್ ನಿನ್ನ ಬೆನ್ನ ಹಿಂದೆ ಬಂದು ನಿಂತು, "ಯಾಕೋ, ಕೈ ಸರಿ ಇಲ್ವಾ?" ಎಂದು ಕೇಳಿದರು. ನೀನು ತಲೆ ಎತ್ತದೆ ಹೇಳಿದೆ, "ಯಾವಾಗ್ಲೂ ಹಿಂಗೇ ಸಾರ್. ಇಷ್ಟು ದಿನ ಯಾರೂ ನೋಡಿರಲಿಲ್ಲ." ನಿನ್ನ ಬಾಯಿಂದ ನಾನು ಕೇಳಿದ ಅತಿ ಒಳ್ಳೆಯ ಮಾತು ಅದು.

ಆಮೇಲೆ ಅವರು ನನ್ನ ಕಡೆ ತಿರುಗಿ, "ನೀನು ಬರಿ ನೋಡಣ" ಅಂದರು. ನನಗೂ ಅಡಗಲು ಜಾಗ ಇರಲಿಲ್ಲ. ಅಪ್ಪನ ಮೊಳೆಪಟ್ಟಿಗೆ ಹಾಳೆ ಸಿಕ್ಕಿಸಿ ಬರೆದೆ. ಮಕರ ನೀರಿನ ಅಂಚಿಗೆ ಬಂತು, ನಿಂತಿತು, ಇಷ್ಟೆಲ್ಲ ಯಾಕೆ ಎಂದು ಯೋಚಿಸಿತು, ಇಳಿಯಿತು. ಆರು ಹಾಳೆ. ಮುಗಿದ ಮೇಲೆ ಜೀವನದಲ್ಲಿ ಮೊದಲ ಸಲ ಪೆನ್ಸಿಲ್ ಕೆಳಗಿಟ್ಟು ಸುಮ್ಮನಾದೆ. ತಿದ್ದುವಂತೆ ನಟಿಸಲಿಲ್ಲ. ಸರ್ ಹಾಳೆಗಳ ತೂತು ನೋಡಿದರು, ಮನೆ ಹಾಳೆಯಲ್ಲಿದ್ದ ಅದೇ ನಡುವಿನದು ಆಚೆ ಸರಿದ ಮೂರು ತೂತು. ಗೋಡೆಯ ಹೆಸರಿನ ಪಟ್ಟಿಯ ಹತ್ತಿರ ಹೋಗಿ ಜೇಬಿನಿಂದ ಪೆನ್ ತೆಗೆದರು. ಅಷ್ಟರಲ್ಲಿ ಫೋನ್ ಬಂತು, ಮಾತನಾಡುತ್ತಾ ಹೊರಗೆ ಹೋದರು, ಸಂಜೆಯವರೆಗೂ ಬರಲಿಲ್ಲ. ಹೆಸರಿನ ಪಟ್ಟಿ ಹಾಗೆಯೇ ಇದೆ. ನಾಳೆ ತಿದ್ದುತ್ತಾರೋ ಇಲ್ಲವೋ ಗೊತ್ತಿಲ್ಲ. ಭಾನುವಾರ ಅಪ್ಪ ಸ್ಪೀಕರಿನಲ್ಲಿ "ತಂಗಿಗೆ ಕಲಿಸ್ಕೊಡ್ತಿದೀಯಾ" ಎಂದು ಕೇಳುವುದಂತೂ ಖಂಡಿತ.

ನೀನು ಮಾತ್ರ ಆಗಲೂ ಬಿಡಲಿಲ್ಲ. ನನ್ನ ಹಾಳೆ ಒಂದು ಸಲ ನೋಡಿ, ನಿನ್ನದನ್ನು ಅಳಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಸಂಜೆ ನೀನು ಬರೆದ ಮುಂಗಾಲು ನೋಡಿದೆ. ಆ ಕಡಲೆಕಾಯಿ ಪೊಟ್ಟಣದ ಪಾದವೇ ಅದು.

ನಿನ್ನ ರಬ್ಬರ್ ಉಗುರಿನಷ್ಟಾಗಿದೆ. ಈ ಕಾಗದದ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದೇನೆ. ಹನ್ನೊಂದು ವರ್ಷ ಅಪ್ಪ ತಂದುಕೊಟ್ಟದ್ದೆಲ್ಲ ಅದರಲ್ಲಿದೆ. ಬೇಕಾದಷ್ಟು ತಗೋ ಅಣ್ಣಾ. ಒಂದೂ ಸವೆದಿಲ್ಲ.

ಇಂಪಿ